ನೂರ ಎಂಬತ್ತು ನಿಮಿಷ

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನಿಗೆ ಊಟದ ಡಬ್ಬಿಯ ಪಕ್ಕದಲ್ಲಿದ್ದ ಬ್ಯಾಟರಿಯ ಅಂಚು ಬಟ್ಟೆಯ ಮೂಲಕ ಒತ್ತುತ್ತಲೇ ಇತ್ತು. ಚೀಲವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಹೇಗೆ ಇಟ್ಟುಕೊಂಡರೂ ಅದು ಅದೇ ಜಾಗಕ್ಕೆ ಬಂದು ಒತ್ತುತ್ತಿತ್ತು. ಮೂರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ಹಳದಿ ಪ್ಲಾಸ್ಟಿಕ್ ಸುತ್ತಿದ, ಬಾಚಣಿಗೆಯಷ್ಟು ಉದ್ದದ ಬ್ಯಾಟರಿ. ಕಂಪನಿಯ ಸ್ಟೋರಿನಲ್ಲಿ ಕೇಳಿದ್ದರೆ ಸುಮ್ಮನೆ ಕೊಡುತ್ತಿದ್ದರು. ಆದರೆ ಯಾವ ಕಟ್ಟಡ, ಯಾವ ಮಹಡಿ, ಯಾವ ದೀಪ, ಹಳೆಯದಕ್ಕೆ ಏನಾಗಿತ್ತು ಎಂದು ಚೀಟಿ ಬರೆದುಕೊಡಬೇಕಿತ್ತು. ಆ ‘ಏನಾಗಿತ್ತು’ ಎಂಬ ಒಂದು ಖಾನೆಗೆ ಹೆದರಿ ಅವನು ನಿನ್ನೆ ಸಂಜೆ ಹೊರಗಿನ ಅಂಗಡಿಯಿಂದ ತಂದಿದ್ದ. ಬೆಳಿಗ್ಗೆ ಡಬ್ಬಿ ತುಂಬುತ್ತಿದ್ದ ಹೆಂಡತಿ ಅದನ್ನು ಎತ್ತಿ ಹಿಡಿದು, "ಇದೇನ್ರೀ, ಊಟದ ಜೊತೆ?" ಎಂದಿದ್ದಳು. "ಕೆಲಸದ್ದು." "ಕೆಲಸದ್ದು ಕೆಲಸದ ಚೀಲದಲ್ಲಿರ್ಬೇಕಪ್ಪ." ಅವಳೇನೂ ಅನುಮಾನಪಟ್ಟು ಹೇಳಿದ್ದಲ್ಲ. ಆದರೂ ಅವನು ಏನನ್ನೋ ಹುಡುಕುವವನಂತೆ ಹೊರಗಿನ ಕೋಣೆಗೆ ಬಂದುಬಿಟ್ಟಿದ್ದ. ಈಚೆಗೆ ಮನೆಯಲ್ಲಿ ಅವನ ಹುಡುಕಾಟವೇ ಹೆಚ್ಚಾಗಿತ್ತು. ಕನ್ನಡಕ, ಪೆನ್ನು, ಬೀಗದ ಕೈ. ಯಾವುದೂ ಕಳೆದುಹೋಗಿರುತ್ತಿರಲಿಲ್ಲ.

ಅವನ ಕೆಲಸವನ್ನು ಒಂದು ಮಾತಿನಲ್ಲಿ ಹೇಳಬೇಕೆಂದರೆ, ಕರೆಂಟು ಹೋದಾಗ ಉರಿಯಬೇಕಾದ ದೀಪಗಳನ್ನು ಕರೆಂಟಿದ್ದಾಗ ನೋಡಿಕೊಂಡು ಬರುವುದು. ಮೆಟ್ಟಿಲ ತಿರುವುಗಳಲ್ಲಿ, ಹೊರಬಾಗಿಲ ನೆತ್ತಿಯ ಮೇಲೆ ಕೂತಿರುವ ಬಿಳಿ ಡಬ್ಬಿಗಳು. ಒಳಗೊಂದು ಸಣ್ಣ ಟ್ಯೂಬು, ಒಂದು ಬ್ಯಾಟರಿ, ಹೊರಗೆ ಕರೆಂಟು ಬರುತ್ತಿದೆಯೆಂದು ತೋರಿಸುವ ಒಂದು ಹಸಿರು ಚುಕ್ಕಿ, ಚುಕ್ಕಿಯ ಪಕ್ಕ ಒಂದು ಗುಂಡಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ದೀಪ ಹತ್ತಿತೇ ಎಂದು ನೋಡಬೇಕು. ವರ್ಷಕ್ಕೊಮ್ಮೆ ಮಾತ್ರ ಮೆಟ್ಟಿಲಿನ ಕರೆಂಟನ್ನೇ ತೆಗೆದು, ದೀಪ ತನ್ನ ಬ್ಯಾಟರಿಯ ಮೇಲೆ ಮೂರು ಗಂಟೆ, ಅಂದರೆ ನೂರ ಎಂಬತ್ತು ನಿಮಿಷ, ಉರಿಯುತ್ತದೆಯೇ ಎಂದು ಕಾದು ಕೂತು ನೋಡಬೇಕು. ಈ ಕಾಯುವ ಕೆಲಸವನ್ನು ಅವನಿಗೆ ಗೊತ್ತಿದ್ದವರು ಯಾರೂ ಮಾಡುತ್ತಿರಲಿಲ್ಲ. ಒಂದು ಕಟ್ಟಡದಲ್ಲಿ ಮೂರು ಗಂಟೆ ಕೂತರೆ ದಿನದ ಉಳಿದ ಮೂರು ಕಟ್ಟಡಗಳಿಗೆ ಹೋಗುವವರು ಯಾರು? ಮೇಲ್ವಿಚಾರಕ ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ, ಹನ್ನೊಂದು ಗಂಟೆಗೆ ಫೋನು ಮಾಡಿ "ಮುಗೀತಾ?" ಎನ್ನುತ್ತಾನೆ, ಅಷ್ಟೆ. ಹಾಗಾಗಿ ಗುಂಡಿ ಒತ್ತಿ, ದೀಪ ಹತ್ತಿದ್ದನ್ನು ಕಂಡು, ಕಟ್ಟಡದ ಪುಸ್ತಕದಲ್ಲಿ ‘ಹತ್ತರಿಂದ ಒಂದು, ನೂರ ಎಂಬತ್ತು ನಿಮಿಷ, ಸರಿಯಿದೆ’ ಎಂದು ಬರೆದು ಸಹಿ ಹಾಕುವುದು ರೂಢಿ. ಸಾಯುತ್ತಿರುವ ಬ್ಯಾಟರಿಯೂ ಐದು ಸೆಕೆಂಡು ಚೆನ್ನಾಗಿಯೇ ಉರಿಯುತ್ತದೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಆರನೇ ಸೆಕೆಂಡಿನವರೆಗೆ ಯಾರೂ ಬೆರಳು ಇಟ್ಟುಕೊಂಡಿರುವುದಿಲ್ಲ.

ಗೇಟಿನ ಕಾವಲುಗಾರ ಎಂದಿನಂತೆ ಪುಸ್ತಕ ಮುಂದೆ ತಳ್ಳಿ ಹೆಸರು, ಸಮಯ, ಬಂದ ಕಾರಣ ಬರೆಸಿಕೊಂಡ. ಆರು ವರ್ಷದಿಂದ ಪ್ರತಿ ತಿಂಗಳು ನೋಡುತ್ತಿರುವ ಮುಖವನ್ನು ಗುರುತಿನ ಚೀಟಿಯ ಮುಖದೊಂದಿಗೆ ಹೋಲಿಸಿ ನೋಡುವುದರಲ್ಲಿ ಅವನಿಗೊಂದು ಸುಖವಿರಬೇಕು. "ಬಂದ್ರಾ, ಹಗಲು ಹೊತ್ತು ದೀಪ ಹಚ್ಚೋರು," ಎಂದ. ಇದು ಅವನು ತಿಂಗಳಿಗೊಮ್ಮೆ ಮಾಡುವ ತಮಾಷೆ. ತಿಂಗಳಿಗೊಮ್ಮೆ ನಗುವುದೂ ಕೆಲಸದ ಒಂದು ಭಾಗವೆಂದು ಇವನು ನಗುತ್ತಿದ್ದ. ಇವತ್ತು ನಗಲು ತಡವಾಯಿತು. "ಯಾಕೆ ಸಾರ್, ಹುಷಾರಿಲ್ವಾ?" "ನಿದ್ದೆ ಸರಿ ಆಗಿಲ್ಲ." ನಿದ್ದೆ ಎಂಬ ಮಾತು ಬಾಯಿಂದ ಬಿದ್ದದ್ದೇ ಅವನಿಗೆ ತಾರಸಿಯ ನೀರಿನ ಟ್ಯಾಂಕು ಕಣ್ಣಿಗೆ ಕಟ್ಟಿತು. ಹೋದ ವರ್ಷ ಇದೇ ದಿನಗಳು. ಅವತ್ತು ಬೆಳಿಗ್ಗೆಯಿಂದ ಎರಡು ಕಟ್ಟಡ ಹತ್ತಿಳಿದು ಮಂಡಿಗಳು ಕಿತ್ತು ಬರುತ್ತಿದ್ದವು. ಟ್ಯಾಂಕಿನ ಹಿಂದೆ ಅಗಲವಾದ ನೆರಳಿತ್ತು. ಐದು ನಿಮಿಷ ಬೆನ್ನು ಚಾಚುತ್ತೇನೆಂದು ಚೀಲವನ್ನು ತಲೆಯಡಿ ಇಟ್ಟುಕೊಂಡವನು ಒಂದೂವರೆ ಗಂಟೆ ನಿದ್ದೆ ಹೊಡೆದಿದ್ದ. ಎದ್ದು, ಮುಖ ತೊಳೆದು, ಮೂರನೇ ಮಹಡಿಗೆ ಇಳಿದು, ಯಾವ ದೀಪದ ಗುಂಡಿಯನ್ನೂ ಒತ್ತದೆ, ನಿಂತೇ ಪುಸ್ತಕ ತುಂಬಿಸಿದ್ದ. ಎಷ್ಟೋ ವರ್ಷಗಳಲ್ಲಿ ಅಷ್ಟು ಒಳ್ಳೆಯ ನಿದ್ದೆ ಬಂದಿರಲಿಲ್ಲವೆಂಬುದೂ ನಿಜ.

ಅದಾಗಿ ನಾಲ್ಕು ತಿಂಗಳಿಗೆ ಒಂದು ಸಂಜೆ ಈ ಕಟ್ಟಡದ ಕರೆಂಟು ಹೋಯಿತು. ಜನರೇಟರು ರಿಪೇರಿಗೆ ಬಿಚ್ಚಿಟ್ಟಿದ್ದ ದಿನ. ಮೂರನೇ ಮಹಡಿಯ ಮುದ್ರಣಾಲಯದವರೆಲ್ಲ ಮೆಟ್ಟಿಲಲ್ಲಿ ಇಳಿದು ಹೋದರು. ಎಲ್ಲರಿಗಿಂತ ಕೊನೆಗೆ, ಕಪಾಟಿಗೆ ಬೀಗ ಹಾಕಿ ಹೊರಟ, ಅಲ್ಲಿ ಎಲ್ಲರೂ ಪ್ರೂಫಮ್ಮ ಎಂದು ಕರೆಯುವ ಹೆಂಗಸು ಮೂರರಿಂದ ಎರಡಕ್ಕೆ ಇಳಿಯುವ ತಿರುವಿನಲ್ಲಿ ಕಾಲು ಜಾರಿ ಉರುಳಿ ಸೊಂಟದ ಮೂಳೆ ಮುರಿದುಕೊಂಡರು. ಮಾರನೆಯ ದಿನ ಇವನನ್ನು ಕರೆಸಿ ಆ ತಿರುವಿನ ದೀಪ ಪರೀಕ್ಷೆ ಮಾಡು ಎಂದರು. ಮ್ಯಾನೇಜರು, ಕಾವಲುಗಾರ, ಇನ್ನೂ ಇಬ್ಬರು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದಾಗ ಇವನು ಸ್ಟೂಲು ಹತ್ತಿ ಗುಂಡಿ ಒತ್ತಿದ. ದೀಪ ಹತ್ತಿತು. ಎಲ್ಲರೂ ಉಸಿರು ಬಿಟ್ಟರು. ಬೆಳಕು ಒಂಚೂರು ಕುಗ್ಗಿದ್ದು ಅವನಿಗೊಬ್ಬನಿಗೇ ಕಂಡಿತು. ಅವನು ಬೆರಳು ತೆಗೆದ. ‘ಸರಿಯಿದೆ’ ಎಂದು ಬರೆದ. ಬೆರಳನ್ನು ಇನ್ನು ಹತ್ತು ಹದಿನೈದು ನಿಮಿಷ ಅಲ್ಲೇ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಎಂಟು ತಿಂಗಳು ಯೋಚಿಸಿದಾಗಲೆಲ್ಲ, ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಹೆಂಡತಿ ಮಾತಾಡುತ್ತಿರುವಾಗ ಅವನಿಗೆ ಆ ತೋರುಬೆರಳು ಬೇರೆ ಯಾರದ್ದೋ ಎಂಬಂತೆ ಕಾಣಿಸುತ್ತಿತ್ತು. ಮೂಳೆ ಕೂಡಿತಂತೆ, ಊರುಗೋಲು ಹಿಡಿದು ಕೆಲಸಕ್ಕೆ ಬರುತ್ತಿದ್ದಾರಂತೆ ಎಂದು ಕೇಳಿದಾಗ ಅವನು ಸಮಾಧಾನಪಟ್ಟುಕೊಂಡಿದ್ದ. ಕೂಡಿದ ಮೂಳೆಗೆ ಹೊಸ ಬ್ಯಾಟರಿ. ವರ್ಷದ ಪರೀಕ್ಷೆಯ ನೆಪದಲ್ಲಿ ಯಾರಿಗೂ ತಿಳಿಯದಂತೆ ಬದಲಾಯಿಸಿಬಿಟ್ಟರೆ ಅಲ್ಲಿಗೆ ಮುಗಿಯಿತು. ಇವತ್ತಿನ ಲೆಕ್ಕಾಚಾರ ಇಷ್ಟೇ ಆಗಿತ್ತು.

ಮ್ಯಾನೇಜರು ಪುಸ್ತಕವನ್ನು ಬೀರುವಿನಿಂದ ತಾವೇ ತೆಗೆದು ಕೊಟ್ಟು, ಕೂತುಕೊಳ್ಳಲು ಹೇಳಿದರು. ಆರು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. "ನಿಮ್ಗೆ ಒಂದು ಥ್ಯಾಂಕ್ಸ್ ಹೇಳ್ಬೇಕಿತ್ತು ಕಣ್ರೀ. ಈ ಪುಸ್ತಕ ಇಲ್ದೇ ಇದ್ದಿದ್ರೆ ನಾವು ಸಿಕ್ಕಿಹಾಕ್ಕೋತಿದ್ವಿ. ಪ್ರೂಫಮ್ಮ ಮೊದಮೊದಲು ಒಂದೇ ಹಟ, ದೀಪ ಇರಲೇ ಇಲ್ಲ, ಕತ್ತಲಿತ್ತು ಅಂತ. ಅವರಿಗಿಂತ ಮುಂಚೆ ಇಳಿದ ಹದಿನೇಳು ಜನ ದೀಪ ಉರೀತಿತ್ತು ಅಂತಾರೆ. ಕೊನೆಗೆ ಈ ಪುಟ ತೆಗೆದು ತೋರಿಸ್ದೆ. ನೂರ ಎಂಬತ್ತು ನಿಮಿಷ, ಸಹಿ ಸಮೇತ. ಓದಿ ಸುಮ್ಮನಾದ್ರು ಪಾಪ." ಅವನು ಪುಸ್ತಕದ ರಟ್ಟಿನ ಮೂಲೆಯನ್ನು ನೋಡುತ್ತ ಕೂತ. "ಈಗ ಹೇಗಿದಾರೆ ಸಾರ್?" "ಈ ಶನಿವಾರಕ್ಕೆ ಬಿಟ್ಟು ಹೋಗ್ತಿದಾರೆ. ನಾವೇನು ಕಳಿಸ್ತಿಲ್ಲಪ್ಪ, ಅವರೇ ಬರೆದು ಕೊಟ್ರು. ವಯಸ್ಸಾಯ್ತಲ್ಲ." ಮ್ಯಾನೇಜರು ಟೀ ತರಿಸಿದರು. ಅವನಿಗೆ ಬೇಡವಾಗಿತ್ತು, ಆದರೂ ಪೂರ್ತಿ ಕುಡಿದ. ಕೊಟ್ಟವರ ಮುಂದೆ ಬಿಡುವುದು ಹೇಗೆ ಎಂಬ ಸಂಕೋಚ ಅವನನ್ನು ಹುಟ್ಟಿದಾಗಿನಿಂದ ಬಿಟ್ಟಿರಲಿಲ್ಲ. ಆ ಸಂಕೋಚಕ್ಕಿದ್ದಷ್ಟು ಬಲ ಅವನ ಬೇರೆ ಯಾವ ಗುಣಕ್ಕೂ ಇದ್ದಂತಿರಲಿಲ್ಲ.

ಲಿಫ್ಟಿನಲ್ಲಿ ಮೂರನೇ ಮಹಡಿಗೆ ಹೋದ. ಅಲ್ಲಿ ಔಷಧಿ ಡಬ್ಬಿಗಳೊಳಗೆ ಮಡಿಸಿಡುವ, ಇರುವೆ ಸಾಲಿನಂಥ ಅಕ್ಷರದ ಚೀಟಿಗಳು ಅಚ್ಚಾಗುತ್ತವೆ. ಗಾಜಿನ ಕೋಣೆಯಲ್ಲಿ ಇಬ್ಬರು ಎದುರು ಬದುರು ಕೂತು ಕರಡು ತಿದ್ದುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ವಿರಾಮ ಚಿಹ್ನೆಗಳನ್ನೂ ಬಿಡದೆ. ಇನ್ನೊಬ್ಬರು ಅಚ್ಚಾದದ್ದರ ಮೇಲೆ ಪೆನ್ಸಿಲು ಓಡಿಸುತ್ತಾರೆ. ‘ಊಟದ ನಂತರ ಅಲ್ಪವಿರಾಮ ದಿನಕ್ಕೆ ಎರಡು ಬಾರಿ ಪೂರ್ಣವಿರಾಮ.’ ಪೆನ್ಸಿಲು ಹಿಡಿಯುತ್ತಿದ್ದವರು ಪ್ರೂಫಮ್ಮ. ಎರಡು ಬಾರಿ ಎಂಬುದು ಹನ್ನೆರಡು ಬಾರಿ ಎಂದು ಅಚ್ಚಾಗದಂತೆ ಇಪ್ಪತ್ತಾರು ವರ್ಷ ನೋಡಿಕೊಂಡವರು ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಿದ್ದರು. ಇವತ್ತು ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಅವನು ಮೆಟ್ಟಿಲ ಬಾಗಿಲು ತಳ್ಳಿ, ಹನ್ನೊಂದು ಮೆಟ್ಟಿಲು ಇಳಿದು ತಿರುವಿಗೆ ಬಂದ. ಎರಡು ಕಡೆಯೂ ಗೋಡೆ, ಕಿಟಕಿಯಿಲ್ಲ, ಬಾಗಿಲು ಹಾಕಿಕೊಂಡರೆ ಮೇಲಿನ ಬೆಳಕೂ ಇಲ್ಲ. ಸ್ಟೂಲು ಹತ್ತಿ ದೀಪದ ಮುಚ್ಚಳ ಬಿಚ್ಚಿದ. ಹಳೆಯ ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿತ್ತು. ತಯಾರಾಗಿ ಏಳು ವರ್ಷವಾಯಿತೆಂದು ಅದರ ಮೇಲೆ ಅಚ್ಚಾಗಿದ್ದ ತಾರೀಖೇ ಹೇಳುತ್ತಿತ್ತು. ಹಸಿರು ಚುಕ್ಕಿ ಮಾತ್ರ ನಿಶ್ಚಿಂತೆಯಿಂದ ಉರಿಯುತ್ತಿತ್ತು.

ಮೇಲೆ ಬಾಗಿಲು ತೆರೆದ ಸದ್ದಾಯಿತು. ಊರುಗೋಲಿನ ತುದಿ ಕಂಡಿತು, ಆಮೇಲೆ ಸೀರೆಯ ಅಂಚು. ಪ್ರೂಫಮ್ಮ ಬಾಗಿಲಲ್ಲೇ ನಿಂತಿದ್ದರು.

"ಲೈಟಿನವರಾ?"

"ಹೌದು ಮೇಡಂ." ಅವನ ಕೈ ತಾನಾಗಿ ಬ್ಯಾಟರಿಯನ್ನು ಮರೆಮಾಡಿತು.

"ನಿಮ್ಮ ಕೆಲಸ ಮಾಡಿ. ನಾನು ದಿನಾ ಈ ಹೊತ್ತಿಗೆ ಬಂದು ಇಲ್ಲಿ ನಿಲ್ತೀನಿ. ಹೋಗೋಕೆ ಮುಂಚೆ ಒಂದು ಸಲ ಇಳೀಬೇಕು ಅಂತ. ಇವತ್ತಿಗೂ ಒಂದು ಮೆಟ್ಟಿಲು ದಾಟಿಲ್ಲ." ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿ ಕೇಳಿದರು. "ನೀವು ಈ ಕೆಲಸದಲ್ಲಿ ಎಷ್ಟು ವರ್ಷ ಇದೀರಿ?"

"ಹತ್ತೊಂಬತ್ತು."

"ಹಾಗಾದ್ರೆ ನಿಮಗೆ ಗೊತ್ತಿರುತ್ತೆ. ದೀಪ ಉರೀತಿರುವಾಗ ಅದರ ಕೆಳಗೇ ನಿಂತವರಿಗೆ ಅದು ಕಾಣದೇ ಹೋಗೋದು ಉಂಟಾ?"

ಅವನು ಸ್ಟೂಲಿನ ಮೇಲೆ ನಿಂತೇ ಇದ್ದ. ಏನು ಹೇಳಿದರೂ ಎತ್ತರದಿಂದ ಹೇಳಿದಂತಾಗುತ್ತದೆ ಎಂಬ ಅಸಂಬದ್ಧ ಯೋಚನೆ ಬಂತು. ಅವರು ಉತ್ತರಕ್ಕೆ ಕಾಯಲೂ ಇಲ್ಲ. ತಮ್ಮಷ್ಟಕ್ಕೆ ಎಷ್ಟೋ ಸಲ ಹೇಳಿಕೊಂಡದ್ದನ್ನು ಇನ್ನೊಮ್ಮೆ ಹೇಳುವವರಂತೆ ಹೇಳಿದರು. ಡಾಕ್ಟರು ಕಣ್ಣು ನೋಡಿದರಂತೆ, ತಲೆಯ ಚಿತ್ರ ತೆಗೆಸಿದರಂತೆ. ಏನೂ ಸಿಗಲಿಲ್ಲ. "ಸಿಗದೇ ಇದ್ದದ್ದೇ ದೊಡ್ಡ ಕಾಯಿಲೆ ಆಯ್ತು ನೋಡಿ. ಎಲ್ಲರಿಗೂ ಕಂಡ ಬೆಳಕು ನನಗೆ ಕಂಡಿಲ್ಲ ಅಂದ್ರೆ ಆ ಕ್ಷಣಕ್ಕೆ ತಲೆಗೆ ಏನೋ ಆಗಿರ್ಬೇಕು. ಇನ್ನೊಂದು ಸಲ ಯಾವಾಗ ಆಗುತ್ತೋ ಯಾರು ಹೇಳ್ತಾರೆ? ಮಗಳು ಒಲೆ ಹಚ್ಚೋಕೆ ಬಿಡಲ್ಲ. ಮೊಮ್ಮಗು ಹುಟ್ಟಿ ಐದು ತಿಂಗಳಾಯ್ತು, ಎತ್ಕೊಂಡು ನಿಂತಿಲ್ಲ ನಾನು. ಅವಳು ಬೇಡ ಅಂದಿದ್ದಲ್ಲ, ನನಗೇ ಹೆದರಿಕೆ. ಔಷಧಿ ಚೀಟಿ ತಿದ್ದೋಳಿಗೆ ಕಣ್ಣ ಮೇಲೆ ನಂಬಿಕೆ ಇಲ್ಲ ಅಂದ್ಮೇಲೆ ಏನಿದೆ, ಬಿಡೋದೇ ವಾಸಿ ಅಂತ ಬರೆದು ಕೊಟ್ಟೆ." ಅಳುವಿನ ದನಿಯಲ್ಲ. ಚೀಟಿ ಓದುವ ದನಿ. ಅವನಿಗೆ ಅವರು ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಳುವವರಿಗೆ ಸಮಾಧಾನ ಹೇಳಿ ಕಳಿಸಿಬಿಡಬಹುದು.

ಹೊಸ ಬ್ಯಾಟರಿ ಆಗಲೇ ಚೀಲದಿಂದ ಅವನ ಪ್ಯಾಂಟಿನ ಜೇಬಿಗೆ ಬಂದಿತ್ತು. ಅರ್ಧ ನಿಮಿಷದ ಕೆಲಸ. ಹಳೆಯದು ಚೀಲಕ್ಕೆ, ಹೊಸದು ಡಬ್ಬಿಗೆ. ಆಮೇಲೆ ದೀಪ ನಿಜವಾಗಿಯೂ ಮೂರು ಗಂಟೆ ಉರಿಯುತ್ತದೆ, ಪುಸ್ತಕದ ಮಾತು ಸತ್ಯವಾಗುತ್ತದೆ, ಇವರು ಶನಿವಾರ ಮನೆಗೆ ಹೋಗುತ್ತಾರೆ, ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳದೆ ಕೂತಿರುತ್ತಾರೆ. ಅವನಿಗೆ ಬಹಳ ದಣಿವಾಯಿತು. ಕಾಲಿನದಲ್ಲ, ಕೆಲಸದ್ದಲ್ಲ, ಎಂಟು ತಿಂಗಳು ಒಂದೇ ಬೆರಳನ್ನು ಎತ್ತಿ ಹಿಡಿದುಕೊಂಡಿದ್ದವನ ದಣಿವು. ಇದನ್ನು ಇನ್ನು ಹೊರಲಾರೆ ಅನ್ನಿಸಿದ್ದರಲ್ಲಿ ಯಾವ ದೊಡ್ಡತನವೂ ಇರಲಿಲ್ಲ, ಚೀಲ ಕೆಳಗಿಟ್ಟರೆ ಸಾಕು ಅನ್ನಿಸುವಂತೆಯೇ ಇತ್ತು. ಹಳೆಯ ಬ್ಯಾಟರಿಯನ್ನು ಇದ್ದಲ್ಲೇ ಬಿಟ್ಟು ಮುಚ್ಚಳ ಹಾಕಿ, ನಾಲ್ಕು ತಿರುಪುಗಳನ್ನೂ ಬಿಗಿದು ಕೆಳಗಿಳಿದ.

"ಮೇಡಂ, ನೀವು ಇಲ್ಲಿ ಬಂದು ಕೂತ್ಕೋತೀರಾ? ನಾನು ಕೈ ಹಿಡಿದು ಇಳಿಸ್ತೀನಿ. ಸ್ವಲ್ಪ ಹೊತ್ತು ಅಷ್ಟೆ."

"ಯಾಕೆ?"

"ವರ್ಷದ ಪರೀಕ್ಷೆ. ಜೊತೆಗೊಬ್ಬರು ಇದ್ರೆ ಒಳ್ಳೇದು."

ಒಂಬತ್ತು ಮೆಟ್ಟಿಲಿಗೆ ಬಹಳ ಹೊತ್ತು ಹಿಡಿಯಿತು. ಅವರ ಅಂಗೈ ಬೆವೆತಿತ್ತು. ತಿರುವಿಗಿಂತ ಎರಡು ಮೆಟ್ಟಿಲು ಮೇಲೆ ಗೋಡೆಗೆ ಒರಗಿಸಿ ಕೂರಿಸಿದ. ಮೇಲೆ ಹೋಗಿ ಬಾಗಿಲ ಪಕ್ಕದ ಫಲಕದಲ್ಲಿ ಕೀಲಿ ತಿರುಗಿಸಿದ. ಮೆಟ್ಟಿಲಿನ ದೊಡ್ಡ ದೀಪಗಳು ಆರಿ, ತಿರುವಿನ ಡಬ್ಬಿ ಬೆಳ್ಳಗೆ ಹತ್ತಿಕೊಂಡಿತು. ಹತ್ತು ಗಂಟೆ ನಲವತ್ತು ನಿಮಿಷ. ವಾಪಸು ಬಂದು ಅವರ ಪಕ್ಕದಲ್ಲಿ, ನಡುವೆ ಪುಸ್ತಕವಿಟ್ಟು ಕೂತ. ಇಷ್ಟು ವರ್ಷಗಳಲ್ಲಿ ಒಂದು ದೀಪ ಉರಿಯುವುದನ್ನು ಸುಮ್ಮನೆ ಕೂತು ನೋಡಿದ್ದು ಅವನಿಗೆ ಇದೇ ಮೊದಲು.

"ಚೆನ್ನಾಗೇ ಉರೀತಿದೆಯಲ್ಲ," ಎಂದರು ಪ್ರೂಫಮ್ಮ. ದನಿಯಲ್ಲಿ ಸಣ್ಣ ಸೋಲಿತ್ತು. ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ಚೀಟಿ ತೆಗೆದು ಆ ಬೆಳಕಿಗೆ ಹಿಡಿದು ಓದತೊಡಗಿದರು. ಕಣ್ಣಿನ ಪರೀಕ್ಷೆಯಂತೆ, ದಿನಾ ಹೀಗೆ ಓದಿ ನೋಡಿಕೊಳ್ಳುತ್ತಾರಂತೆ. ಮಕ್ಕಳ ಕೈಗೆ ಸಿಗದಂತೆ ಇಡಿ ಪೂರ್ಣವಿರಾಮ. ತಂಪಾದ ಅಲ್ಪವಿರಾಮ ಒಣಗಿದ ಜಾಗದಲ್ಲಿಡಿ ಪೂರ್ಣವಿರಾಮ. ಅವನ ತಾಯಿ ಬದುಕಿದ್ದಾಗ ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು, ಓದಲು ಬಾರದಿದ್ದರೂ ಅಕ್ಷರಗಳನ್ನು ತುಂಬ ಹೊತ್ತು ನೋಡುತ್ತಿದ್ದಳು. ಅಚ್ಚಾಗಿದ್ದರೆ ಸರಿಯೇ ಇರುತ್ತದೆ ಎನ್ನುತ್ತಿದ್ದಳು. ಐದು ನಿಮಿಷ. ಒಂಬತ್ತು. ದೀಪ ಒಂದು ವೇಳೆ ಆರದೇ ಹೋದರೆ ಎಂಬ ಆಸೆ ಹುಟ್ಟಿದ್ದೇ ಅದಕ್ಕೆ ನಾಚಿಕೆಪಟ್ಟ. ಹನ್ನೆರಡು. ಟ್ಯೂಬಿನ ಎರಡೂ ತುದಿಗಳು ಕೆಂಪಗಾದವು. ಬೆಳಕು ಗೋಡೆಯಿಂದ ಹಿಂದೆ ಸರಿಯಿತು, ಮೆಟ್ಟಿಲಿನ ಅಂಚುಗಳು ಮಸುಕಾದವು, ಪಕ್ಕದ ಓದು ಒಂದು ಶಬ್ದದ ನಡುವೆ ನಿಂತಿತು. ಆಮೇಲೆ ಏನೂ ಇರಲಿಲ್ಲ.

ಅವನ ತೋಳನ್ನು ಯಾರೋ ಗಟ್ಟಿಯಾಗಿ ಹಿಡಿದರು. "ಬಂತು," ಎಂದರು ಪ್ರೂಫಮ್ಮ. "ಮತ್ತೆ ಬಂತು ನನಗೆ. ಮಗಳಿಗೆ ಫೋನ್ ಮಾಡಿ. ನನಗೆ ಏನೂ ಕಾಣ್ತಿಲ್ಲ."

"ನನಗೂ ಕಾಣ್ತಿಲ್ಲ ಅಮ್ಮಾ."

"ಏನು?"

"ನನಗೂ ಏನೂ ಕಾಣ್ತಿಲ್ಲ. ದೀಪ ಆರಿದೆ."

ಹಿಡಿತ ಹಾಗೇ ಇತ್ತು. ಕತ್ತಲಲ್ಲಿ ಅವರ ಉಸಿರು ಕೇಳುತ್ತಿತ್ತು. ಅವನ ಗಡಿಯಾರದ ಮುಳ್ಳುಗಳು ಹಸಿರಾಗಿ ಹೊಳೆಯುತ್ತಿದ್ದವು. "ಎಷ್ಟು ನಿಮಿಷ ಉರೀತು?" ಎಂದು ಕೇಳಿದರು.

"ಹದಿನಾಲ್ಕು."

"ಅವತ್ತು ಕರೆಂಟು ಹೋಗಿ ಇಪ್ಪತ್ತು ನಿಮಿಷಕ್ಕೆ ನಾನು ಹೊರಟಿದ್ದು. ಕಪಾಟಿನ ಬೀಗ ಸಿಕ್ಕಿರಲಿಲ್ಲ." ಕೈ ಅವನ ತೋಳನ್ನು ಬಿಟ್ಟಿತು. "ಹೋದ ವರ್ಷದ ಪುಟ ಓದಿ."

"ಕತ್ತಲಲ್ಲಿ..."

"ನೀವೇ ಬರೆದದ್ದಲ್ವಾ. ಬಾಯಿಗೆ ಬರುತ್ತೆ."

ಬಾಯಿಗೆ ಬರುತ್ತಿತ್ತು. "ಮೂರನೇ ಮಹಡಿ, ಮೆಟ್ಟಿಲ ತಿರುವು," ಎಂದ. "ಮುಂದೆ," ಎಂದರು. "ಹತ್ತರಿಂದ ಒಂದು ಗಂಟೆ." "ಮುಂದೆ." "ನೂರ ಎಂಬತ್ತು ನಿಮಿಷ. ಸರಿಯಿದೆ." ಅವರು ಮುಂದೆ ಎನ್ನಲಿಲ್ಲ. ಅವನೇ ಹೇಳಿದ, ದನಿ ಎಲ್ಲೋ ಕೆಳಗಿನ ಮಹಡಿಯಿಂದ ಬಂದಂತಿತ್ತು: "ನಾನು ನೋಡಿರಲಿಲ್ಲ. ತಾರಸಿಯಲ್ಲಿ ಮಲಗಿದ್ದೆ. ನೀವು ಬಿದ್ದ ಮಾರನೇ ದಿನ ಗುಂಡಿ ಒತ್ತಿದಾಗ ನನಗೆ ಗೊತ್ತಾಯ್ತು. ಆಗಲೂ ಸರಿಯಿದೆ ಅಂತಲೇ ಬರೆದೆ."

ಜೇಬಿನಲ್ಲಿ ಫೋನು ಅದುರತೊಡಗಿತು. ಹನ್ನೊಂದು ಗಂಟೆಯಾಗಿರಬೇಕು, ಮೇಲ್ವಿಚಾರಕ. ಅದು ಅದುರಿ ಅದುರಿ ನಿಂತಿತು. "ದೀಪ ಹಾಕಲಾ ಅಮ್ಮಾ?" ಎಂದು ಕೇಳಿದ.

"ಬೇಡ. ನಿಮ್ಮ ಮುಖ ನೋಡೋಕೆ ನನಗೆ ಇನ್ನೂ ಸ್ವಲ್ಪ ಹೊತ್ತು ಬೇಕು."

ಅವನು ತಲೆ ತಗ್ಗಿಸಿದ. ಕತ್ತಲಲ್ಲಿ ಅದು ಯಾರಿಗೂ ಕಾಣಲಿಲ್ಲ. ಸೀರೆಯ ಸರಬರ, ಊರುಗೋಲು ಹುಡುಕಿದ ಸದ್ದು, ಕಂಬಿಗೆ ಬಳೆ ತಾಗಿದ ಸದ್ದು. ಅವರು ಎದ್ದಿದ್ದರು. "ಎಲ್ಲಿಗೆ ಅಮ್ಮಾ, ಬೀಳ್ತೀರಿ, ತಡೀರಿ," ಎಂದು ಇವನೂ ಎದ್ದ. "ಸುಮ್ನಿರಿ ನೀವು," ಎಂದರು ಮೆಲ್ಲಗೆ, ಸಿಟ್ಟಿನಿಂದ. "ಕತ್ತಲಲ್ಲಿ ಕತ್ತಲು ಕಂಡ್ರೆ ಅದು ಕಾಯಿಲೆ ಅಲ್ಲ." ಕೋಲು ಒಂದು ಮೆಟ್ಟಿಲು ಮುಟ್ಟಿತು, ಕಾಲು ಅದರ ಹಿಂದೆ ಬಂತು. ತಿರುವು ದಾಟಿತು. ಅವನು ಅಲ್ಲಿಂದ ಎಣಿಸಿದ. ಏಳು. ಎಂಟು. ಎಂಟರಲ್ಲಿ ತುಂಬ ಹೊತ್ತು ನಿಂತಿತು, ಮತ್ತೆ ಹೊರಟಿತು. ಹನ್ನೊಂದರ ನಂತರ ಕೋಲಿನ ಸದ್ದು ಸಮನೆಲದ ಮೇಲೆ ಎರಡು ಸಲ ಕೇಳಿಸಿತು.

"ಈಗ ಹಾಕಿ ದೀಪ," ಎಂದು ಕೆಳಗಿನಿಂದ ದನಿ ಬಂತು. "ಪುಸ್ತಕ ತಗೊಂಡು ಬನ್ನಿ. ಮ್ಯಾನೇಜರ್ ಮುಂದೆ ಕೂತ್ಕೊಳ್ಳೋಣ. ನೀವು ಓದಿ, ನಾನು ತಿದ್ತೀನಿ."